ಕಂಪ್ಯೂಟರಿನಲ್ಲಿ ಹಾಡು ಚೆನ್ನಾಗಿ ಕೇಳಬೇಕಾದರೆ ಕಿವಿಯ ಕಡೆಯಿಂದ ಶುರು ಮಾಡಿ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಮನೆಯಲ್ಲಿ ಏಳೆಂಟು ವರ್ಷ ಹಳೆಯ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, ಐ3 ಪ್ರೊಸೆಸರ್, 8 ಜಿಬಿ ರ್‍ಯಾಮ್. ಒಂದು ಸಬ್‌ವೂಫರ್, ಎರಡು ಪುಟ್ಟ ಸ್ಪೀಕರ್ ಇರುವ ಸೆಟ್ಟನ್ನು ಸಿಪಿಯು ಮುಂಭಾಗದ ಜ್ಯಾಕಿಗೆ ಚುಚ್ಚಿದ್ದೇವೆ. ಅಪ್ಪ ಹಿಂದೂಸ್ತಾನಿ ಸಂಗೀತ, ವಚನ ಗಾಯನ ಕೇಳುತ್ತಾರೆ. ಅವರು ಕೂಡಿಟ್ಟ ಸುಮಾರು ಇನ್ನೂರು ಸಿಡಿಗಳಿವೆ. ಈಗೀಗ ಯೂಟ್ಯೂಬ್ ಮತ್ತು ಎಂಪಿ3 ಜಾಸ್ತಿ. ತಂಬೂರಿ ತೆಳ್ಳಗೆ ಕೇಳುತ್ತದೆ, ತಬಲಾದ ಎಡಗೈ ವಾದ್ಯ ಡಗ್ಗಾ ಬರೀ ಡಬ್ ಡಬ್ ಅನ್ನುತ್ತದೆ. ಹಿಂದೆ ಸಣ್ಣಗೆ ಗುಂಯ್ ಸದ್ದು, ಮೌಸ್ ಆಡಿಸಿದರೆ ಚಿರ್ ಸದ್ದು. ನೆಟ್ಟಿನಲ್ಲಿ ನೋಡಿದರೆ ವಿಂಡೋಸ್ ಸರ್ವಿಸ್‌ಗಳನ್ನು ನಿಲ್ಲಿಸಿ, ರ್‍ಯಾಮ್ ಏರಿಸಿ, ಎಸ್‌ಎಸ್‌ಡಿ ಹಾಕಿ, ಒಳ್ಳೆಯ ಯುಎಸ್‌ಬಿ ಕೇಬಲ್ ತನ್ನಿ, 192 ಕಿಲೋಹರ್ಟ್ಸ್ ಇಡಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೈಯಲ್ಲಿ ಹದಿನೈದು ಸಾವಿರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ತಂಬೂರಿ ತೆಳ್ಳಗಿದೆ, ಡಗ್ಗಾ ಬಿಡಿಸಿ ಕೇಳುವುದಿಲ್ಲ, ಮೌಸ್ ಆಡಿಸಿದರೆ ಸದ್ದು ಬರುತ್ತದೆ ಅಂತ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದೀರಿ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆ. ಯಾಕೆಂದರೆ ನೆಟ್ಟಿನಲ್ಲಿ ನಿಮಗೆ ಸಿಕ್ಕ ಸಲಹೆಗಳೆಲ್ಲ ಕಂಪ್ಯೂಟರಿನ ಹೊಟ್ಟೆಯೊಳಗಿನವು. ನಿಮ್ಮ ತೊಂದರೆಗಳು ಇರುವುದು ಹೊಟ್ಟೆಯ ಹೊರಗೆ.

ಹಾಡು ನುಡಿಸುವಾಗ ಕಂಪ್ಯೂಟರ್ ಮಾಡುವ ಕೆಲಸ ಬಹಳ ಸಣ್ಣದು. ಫೈಲಿನಲ್ಲಿರುವ ಅಂಕಿಗಳನ್ನು ಕೆಡಿಸದೆ, ತಡಮಾಡದೆ ಸೌಂಡ್ ಚಿಪ್ಪಿಗೆ ದಾಟಿಸಬೇಕು. ಒಂದು ಆಡಿಯೊ ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಒಂದೊಂದೂ 16 ಬಿಟ್, ಎರಡು ಚಾನೆಲ್. ಒಟ್ಟು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ನಿಮ್ಮ ಐ3ಗೆ ಇದು ಲೆಕ್ಕಕ್ಕೇ ಇಲ್ಲ. ಅಂಕಿ ಸದ್ದಾಗಿ ಬದಲಾದ ಮೇಲೆ, ಅಂದರೆ ಚಿಪ್ಪಿನಿಂದ ವೈರು, ಆಂಪ್ಲಿಫೈಯರ್, ಸ್ಪೀಕರ್, ಕೋಣೆ ದಾಟಿ ಕಿವಿಗೆ ಬರುವ ದಾರಿಯಲ್ಲಿ ಕೆಡುವುದೇ ಹೆಚ್ಚು. ಹಾಗಾಗಿ ಕಿವಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ದುಡ್ಡನ್ನೂ ಅದೇ ಲೆಕ್ಕದಲ್ಲಿ ಹಾಕಿ.

ಆದರೆ ಗುಂಯ್ ಸದ್ದು ಇರುವಾಗ ಬೇರೆ ಯಾವುದನ್ನೂ ಸರಿಯಾಗಿ ಕೇಳಿ ತೀರ್ಮಾನಿಸಲು ಆಗುವುದಿಲ್ಲ. ಅದನ್ನು ಮೊದಲು ಮುಗಿಸೋಣ.

ಚಿರ್ ಸದ್ದಿನ ಮೂಲ ಬಹುತೇಕ ನೀವು ಚುಚ್ಚಿರುವ ಮುಂಭಾಗದ ಜ್ಯಾಕೇ. ಆ ಜ್ಯಾಕಿನಿಂದ ಒಂದು ತೆಳು ವೈರು ಸಿಪಿಯು ಡಬ್ಬಿಯೊಳಗೆ ಮದರ್‌ಬೋರ್ಡಿನ ಉದ್ದಕ್ಕೂ ಹಾದು ಸೌಂಡ್ ಚಿಪ್ಪಿನವರೆಗೆ ಹೋಗುತ್ತದೆ. ದಾರಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, ಯುಎಸ್‌ಬಿ ಎಲ್ಲವೂ ಇವೆ. ನೀವು ಮೌಸ್ ಆಡಿಸಿದಾಗ ಅವುಗಳಲ್ಲಿ ಹರಿಯುವ ಕರೆಂಟ್ ಹೆಚ್ಚುಕಡಿಮೆ ಆಗುತ್ತದೆ. ಆ ಏರಿಳಿತ ಈ ವೈರಿಗೂ ಅದರ ಗ್ರೌಂಡಿಗೂ ಅಂಟಿಕೊಂಡು ಸ್ಪೀಕರಿನಲ್ಲಿ ಚಿರ್ ಅಂತ ಕೇಳುತ್ತದೆ. ಪಿನ್ ಕಿತ್ತು ಸಿಪಿಯು ಹಿಂಭಾಗದ ಹಸಿರು ಜ್ಯಾಕಿಗೆ ಹಾಕಿ. ಅದು ನೇರ ಬೋರ್ಡಿನ ಮೇಲೇ ಇರುತ್ತದೆ. ಆಮೇಲೆ ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲಿ ನಿಮ್ಮ ಸ್ಪೀಕರಿನ ಪ್ರಾಪರ್ಟೀಸ್ ತೆರೆದು, ಲೆವೆಲ್ಸ್ ಅನ್ನುವ ಪುಟದಲ್ಲಿ ಮೈಕ್ ಅಥವಾ ಲೈನ್ ಇನ್ ಕಂಡರೆ ಮ್ಯೂಟ್ ಮಾಡಿ. ಎಷ್ಟೋ ಮನೆಗಳಲ್ಲಿ ಯಾರೂ ಬಳಸದ ಮೈಕ್ ಜ್ಯಾಕಿನ ಗದ್ದಲ ಸದ್ದಿಲ್ಲದೆ ಸ್ಪೀಕರಿಗೆ ಸೇರುತ್ತಿರುತ್ತದೆ.

ಇನ್ನೊಂದು ಖರ್ಚಿಲ್ಲದ ಕೆಲಸ. ವಿಂಡೋಸ್ ವಾಲ್ಯೂಮ್ 90ರ ಹತ್ತಿರ ಇಟ್ಟು, ಜೋರು ಮೆಲ್ಲಗೆ ಮಾಡುವುದನ್ನು ಸ್ಪೀಕರಿನ ಗುಬುಟಿನಿಂದಲೇ ಮಾಡಿ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಮೂವತ್ತು, ಸ್ಪೀಕರಿನಲ್ಲಿ ಪೂರ್ತಿ. ಆಗ ದಾರಿಯಲ್ಲಿ ಸೇರಿಕೊಂಡ ಗದ್ದಲವನ್ನೆಲ್ಲ ಆಂಪ್ಲಿಫೈಯರ್ ಹಾಡಿನ ಜೊತೆಗೇ ಎತ್ತಿ ಕೇಳಿಸುತ್ತದೆ. ಹಾಡು ಬಲವಾಗಿ ಹೊರಟು ಕೊನೆಯಲ್ಲಿ ಇಳಿದರೆ, ಗದ್ದಲವೂ ಜೊತೆಗೇ ಇಳಿಯುತ್ತದೆ.

ಈಗ ಗುಂಯ್ ಸದ್ದು. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ, ಅಂದರೆ 50 ಹರ್ಟ್ಸ್. ಅದು ಆಡಿಯೊ ವೈರಿನೊಳಗೆ ನುಸುಳಿದರೆ 50 ಅಥವಾ 100 ಹರ್ಟ್ಸಿನ ಗುಂಯ್ ಆಗುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಹೀಗೆ ಪತ್ತೆ ಮಾಡಿ. ಸ್ಪೀಕರ್ ಆನ್ ಇರಲಿ, ಆಡಿಯೊ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತುಬಿಡಿ. ಪಿನ್ನಿನ ಲೋಹವನ್ನು ಬೆರಳಿನಿಂದ ಮುಟ್ಟಬೇಡಿ, ಮುಟ್ಟಿದರೆ ಹೇಗೂ ಗುಂಯ್ ಅನ್ನುತ್ತದೆ. ಆಗಲೂ ಸದ್ದು ಬಂದರೆ ಸ್ಪೀಕರಿನ ಒಳಗೇ ದೋಷ ಇದೆ, ಬಹುಶಃ ಪವರ್ ಸಪ್ಲೈನ ಕೆಪಾಸಿಟರ್ ಒಣಗಿದೆ. ರೇಡಿಯೊ ರಿಪೇರಿಯವರು ಬದಲಿಸಿ ಕೊಡುತ್ತಾರೆ. ಸದ್ದು ನಿಂತರೆ ಅದೇ ಪಿನ್ನನ್ನು ಚಾರ್ಜಿಗೆ ಹಾಕದ ಮೊಬೈಲಿಗೆ ಹಾಕಿ ನೋಡಿ. ಮೊಬೈಲಿನಲ್ಲಿ ನಿಶ್ಶಬ್ದ, ಕಂಪ್ಯೂಟರಿನಲ್ಲಿ ಗುಂಯ್ ಅಂದರೆ ಅದು ಅರ್ಥಿಂಗಿನ ಸಮಸ್ಯೆ.

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಇದು ಬಹಳ ಮನೆಗಳ ಕತೆ. ಸಿಪಿಯು ಡಬ್ಬಿಯ ಬಣ್ಣವಿಲ್ಲದ ಕಡೆ, ಅಂದರೆ ಹಿಂದಿನ ಸ್ಕ್ರೂಗಳ ಹತ್ತಿರ, ಬರಿಗಾಲಲ್ಲಿ ನಿಂತು ಕೈ ತಾಗಿದಾಗ ಯಾವತ್ತಾದರೂ ಜುಮ್ ಅಂದಿದೆಯಾ? ಅಂದಿದ್ದರೆ ನಿಮ್ಮ ಸಾಕೆಟ್ಟಿಗೆ ಸರಿಯಾದ ಅರ್ಥ್ ಇಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಗದ್ದಲ ಸೋಸಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಗದ್ದಲವನ್ನು ಅರ್ಥ್ ವೈರಿಗೆ ಹರಿಸುತ್ತವೆ. ಅರ್ಥ್ ಇಲ್ಲದಿದ್ದರೆ ಹರಿಯಲು ಜಾಗವಿಲ್ಲ. ಡಬ್ಬಿಯೇ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟ್ ಬಹಳ ಕಡಿಮೆ, ಆದ್ದರಿಂದ ಬರೀ ಜುಮ್ ಅನ್ನುತ್ತದೆ. ಆದರೆ ಅದು ಆಡಿಯೊ ವೈರಿನ ಮೂಲಕ ಸ್ಪೀಕರಿಗೂ ಹೋಗುತ್ತದೆ, ಗುಂಯ್ ಆಗುತ್ತದೆ.

ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ವೈರೇ ಕೊಟ್ಟಿರುವುದಿಲ್ಲ. ಕೊಟ್ಟಿದ್ದರೂ ಅರ್ಥ್ ಗುಂಡಿ ಒಣಗಿರುತ್ತದೆ. ಇದ್ದಿಲು, ಉಪ್ಪು ತುಂಬಿದ ಹಳೇ ಗುಂಡಿಗಳಿಗೆ ತೇವ ಬೇಕೇ ಬೇಕು. ಮಾರ್ಚಿಯಿಂದ ಮೇವರೆಗೆ ನಮ್ಮ ಕಡೆ ನೆಲ ಎಷ್ಟು ಒಣಗುತ್ತದೆ ಅಂತ ನಿಮಗೇ ಗೊತ್ತು. ಚಿತ್ರದುರ್ಗದ ಕಡೆ ಬಂಡೆ ನೆಲದಲ್ಲಂತೂ ಮಳೆಗಾಲದಲ್ಲೂ ಒಳ್ಳೆಯ ಅರ್ಥ್ ಸಿಗುವುದು ಕಷ್ಟ. ಎಲೆಕ್ಟ್ರಿಷಿಯನ್ ಕರೆಸಿ ಮೂರು ಅಳತೆ ತೆಗೆಸಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಎಷ್ಟು ವೋಲ್ಟ್ ಬರುತ್ತದೋ, ಫೇಸ್‌ಗೂ ಅರ್ಥ್‌ಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟಿಗಿಂತ ತೀರಾ ಜಾಸ್ತಿ ಬಂದರೆ ಏನೋ ಸರಿಯಿಲ್ಲ. ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ಮತ್ತೆ ಅಳೆಸಿ. ಅಷ್ಟಕ್ಕೇ ಸರಿಹೋಗುವುದೂ ಉಂಟು. ಈ ಅಳತೆಗಳನ್ನು ನೀವೇ ಮಾಡಲು ಹೋಗಬೇಡಿ.

ಅರ್ಥ್ ಸರಿ ಇದ್ದೂ ಗುಂಯ್ ಬಂದರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದು ಎರಡಕ್ಕೂ ಅರ್ಥ್ ಇದ್ದರೆ, ಅರ್ಥ್ ವೈರು ಮತ್ತು ಆಡಿಯೊ ವೈರು ಸೇರಿ ಒಂದು ಬಳೆಯಾಗುತ್ತವೆ. ಅದರಲ್ಲಿ ಕರೆಂಟ್ ಸುತ್ತುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಸೆಟ್‌ಟಾಪ್ ಬಾಕ್ಸಿಗೋ ಟೀವಿಗೋ ಏನಾದರೂ ವೈರು ಹೋಗಿದ್ದರೆ ಅದನ್ನೂ ಒಮ್ಮೆ ಕಿತ್ತು ನೋಡಿ, ಡಿಶ್ಶಿನ ಕೇಬಲ್ ಮೂಲಕವೂ ಲೂಪ್ ಆಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ, ನೋಡಿ ಸದ್ದು ಹೋಯ್ತು ಅನ್ನುತ್ತಾರೆ. ಸದ್ದು ಹೋಗುತ್ತದೆ, ಜೊತೆಗೆ ಜೀವ ಕಾಯುವ ದಾರಿಯೂ ಹೋಗುತ್ತದೆ. ದಯವಿಟ್ಟು ಯಾವತ್ತೂ ಅದನ್ನು ಮಾಡಬೇಡಿ, ಮಾಡಲು ಬಿಡಬೇಡಿ.

ಇಷ್ಟು ಮಾಡಿದ ಮೇಲೂ ಹಿಂಭಾಗದ ಜ್ಯಾಕಿನಲ್ಲಿ ಚಿರ್ ಸದ್ದು ಉಳಿದಿದ್ದರೆ ಮಾತ್ರ ಹೊರಗಿನ ಡ್ಯಾಕ್ ಬೇಕು. ಡ್ಯಾಕ್ ಅಂದರೆ ಅಂಕಿಯನ್ನು ಸದ್ದಿನ ಸಿಗ್ನಲ್ ಆಗಿ ಬದಲಿಸುವ ಚಿಪ್. ಮದರ್‌ಬೋರ್ಡಿನಲ್ಲಿ ಇರುವುದೂ ಅದೇ, ಆದರೆ ಅದು ಗದ್ದಲದ ಮಧ್ಯೆ ಕೂತಿದೆ. ಯುಎಸ್‌ಬಿಗೆ ಚುಚ್ಚುವ ಬೆರಳುದ್ದದ ಡ್ಯಾಕ್‌ಗಳು ಈಗ ಒಂದೆರಡು ಸಾವಿರದೊಳಗೆ ಸಿಗುತ್ತವೆ. ಮೊಬೈಲಿಗೆಂದು ಮಾಡಿದ ಟೈಪ್ ಸಿ ಡಾಂಗಲ್ಲೂ ನಡೆಯುತ್ತದೆ, ನಿಮ್ಮ ಹಳೇ ಡೆಸ್ಕ್‌ಟಾಪಿಗೆ ಒಂದು ಕನ್ವರ್ಟರ್ ಪಿನ್ ಬೇಕಾಗಬಹುದು ಅಷ್ಟೆ. ಇದಕ್ಕಿಂತ ಹತ್ತು ಪಟ್ಟು ಬೆಲೆಯ ಡ್ಯಾಕ್ ತಂದರೆ ಹೆಚ್ಚು ಗುಂಡಿ, ಹೆಚ್ಚು ಜ್ಯಾಕ್ ಸಿಗುತ್ತವೆ. ನಿಮ್ಮ ಕೋಣೆಯಲ್ಲಿ, ನಿಮ್ಮ ಸ್ಪೀಕರಿನಲ್ಲಿ ಕಿವಿಗೆ ಗೊತ್ತಾಗುವ ವ್ಯತ್ಯಾಸ ಸಿಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯುಎಸ್‌ಬಿ ವೈರಿನಲ್ಲೂ ಗ್ರೌಂಡ್ ಇರುವುದರಿಂದ ಡ್ಯಾಕ್ ತಂದ ಮಾತ್ರಕ್ಕೆ ಗ್ರೌಂಡ್ ಲೂಪ್ ಹೋಗುತ್ತದೆ ಅಂತಿಲ್ಲ. ಅದಕ್ಕೇ ಅರ್ಥಿಂಗ್ ಮೊದಲು ಅಂದೆ. ನಿಮ್ಮ ಬೋರ್ಡಿನ ಹಿಂದೆ ಆಪ್ಟಿಕಲ್ ತೂತು ಇದ್ದು ಸ್ಪೀಕರಿನಲ್ಲೂ ಇದ್ದರೆ ಅದು ಎಲ್ಲಕ್ಕಿಂತ ನೆಮ್ಮದಿ. ಬರೀ ಬೆಳಕು ಹೋಗುತ್ತದೆ, ಕರೆಂಟಿನ ಸಂಬಂಧವೇ ಇರುವುದಿಲ್ಲ.

ಇನ್ನು ತಂಬೂರಿ ತೆಳ್ಳಗಾಗುವ ವಿಚಾರ. ಗಂಡಸರ ಹಾಡಿಗೆ ಷಡ್ಜ ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯಲ್ಲಿ, ಇದ್ದರೆ ಅದು ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 69ರ ಹತ್ತಿರ. ಎರಡು ಇಂಚಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗೆ ಹೋಗಲು ಆಗುವುದೇ ಇಲ್ಲ. ಆ ಕೆಲಸವನ್ನು ಸಬ್‌ವೂಫರಿಗೆ ಬಿಟ್ಟಿರುತ್ತಾರೆ. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಸಬ್‌ವೂಫರ್ 150, ಕೆಲವೊಮ್ಮೆ 200 ಹರ್ಟ್ಸ್‌ವರೆಗೂ ಹಾಡುತ್ತದೆ. ಅಂದರೆ ಹಾಡುಗಾರರ ಗಂಟಲಿನ ಕೆಳಭಾಗ ಮೇಜಿನ ಕೆಳಗಿನಿಂದ, ಮೇಲ್ಭಾಗ ಮೇಜಿನ ಮೇಲಿನಿಂದ ಬರುತ್ತಿದೆ! ತಂಬೂರಿಯ ಜವಾರಿ ಅನ್ನುತ್ತೀವಲ್ಲ, ಆ ಮೇಲುಸ್ವರಗಳ ಮಿನುಗು, ಅದು ಮೂಲ ಸ್ವರದ ಜೊತೆ ಒಂದೇ ಕಡೆಯಿಂದ ಬಂದಾಗಲೇ ತುಂಬಿ ಕೇಳುವುದು. ಡಗ್ಗಾ ಡಬ್ ಡಬ್ ಅನ್ನುವುದೂ ಇದೇ ಕಾರಣಕ್ಕೆ. ಅದರ ಮೀಂಡು, ಅಂಗೈ ಒತ್ತಿ ಸ್ವರ ಏರಿಸುವುದು, ಇವೆಲ್ಲ ಸಬ್‌ವೂಫರಿಗೂ ಪುಟ್ಟ ಸ್ಪೀಕರಿಗೂ ನಡುವೆ ಬಿರುಕಿನಲ್ಲಿ ಕಳೆದುಹೋಗುತ್ತವೆ.

ಹಾಗಾಗಿ ನಿಮ್ಮ ಹದಿನೈದು ಸಾವಿರದಲ್ಲಿ ದೊಡ್ಡ ಪಾಲು ಸ್ಪೀಕರಿಗೇ ಹೋಗಲಿ. ಸಬ್‌ವೂಫರ್ ಬೇಡ. ನಾಲ್ಕು ಇಂಚಿನ ಅಥವಾ ಅದಕ್ಕಿಂತ ದೊಡ್ಡ ವೂಫರ್ (ತಗ್ಗಿನ ಸ್ವರದ ಸ್ಪೀಕರ್), ಮೇಲೊಂದು ಟ್ವೀಟರ್ (ಮೇಲಿನ ಸ್ವರದ ಪುಟ್ಟ ಸ್ಪೀಕರ್), ಒಳಗೇ ಆಂಪ್ಲಿಫೈಯರ್ ಇರುವ, ಮರದ ಡಬ್ಬಿಯ ಜೋಡಿ ಸ್ಪೀಕರ್ ನೋಡಿ. ಡಬ್ಬಿಯ ಮೇಲೆ ಬರೆದ ಸಾವಿರಾರು ವಾಟ್ ಪಿಎಂಪಿಒ ಲೆಕ್ಕವನ್ನು ನಂಬಬೇಡಿ, ಅದಕ್ಕೆ ಅರ್ಥವೇ ಇಲ್ಲ. ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ನಿಜವಾದ ವಾಟ್, ಎಷ್ಟು ಅಂತ ಕೇಳಿ. ಒಂದೊಂದಕ್ಕೆ 20 ವಾಟ್ ಇದ್ದರೆ ನಿಮ್ಮ ಕೋಣೆಗೆ ಬೇಕಾದಷ್ಟಾಯಿತು. ಅಂಗಡಿಯಲ್ಲಿ ಸಿನಿಮಾ ಹಾಡಿನ ಬೀಟ್ ಹಾಕಿ ಗುಡುಗಿಸಿ ತೋರಿಸುತ್ತಾರೆ. ನೀವು ಅಪ್ಪನ ಇಷ್ಟದ ವಿಲಂಬಿತ್ ಖ್ಯಾಲ್ ಒಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಮೆಲ್ಲಗೆ ಹಾಕಿಸಿ, ತಂಬೂರಿ ಮಾತ್ರ ಇರುವ ಮೊದಲ ಅರ್ಧ ನಿಮಿಷ ಕೇಳಿ. ಅಪ್ಪನನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಅದಕ್ಕೂ ಮುಂಚೆ ಅಟ್ಟದ ಮೇಲೆ ಒಂದು ಸಲ ಕಣ್ಣಾಡಿಸಿ. ಇನ್ನೂರು ಸಿಡಿ ಕೂಡಿಟ್ಟವರ ಮನೆಯಲ್ಲಿ ಹಳೆಯ ಸ್ಟೀರಿಯೊ ಸೆಟ್ ಇಲ್ಲದೆ ಇರುವುದಿಲ್ಲ. ಸಿಡಿ ಓದುವ ಕಣ್ಣು ಹೋಗಿರಬಹುದು, ಕ್ಯಾಸೆಟ್ಟಿನ ಬೆಲ್ಟ್ ಕರಗಿರಬಹುದು, ಆದರೆ ಹಿಂದೆ ಆಕ್ಸ್ ಅಂತ ಎರಡು ತೂತು ಇದ್ದರೆ ಅದರ ಆಂಪ್ಲಿಫೈಯರ್ ಮತ್ತು ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸಬಹುದು. ಒಂದು ತುದಿಯಲ್ಲಿ 3.5 ಎಂಎಂ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್ ಇರುವ ವೈರು ಸಾಕು. ಸ್ಪೀಕರಿನ ಅಂಚಿನ ಫೋಮ್ ಪುಡಿಯಾಗಿದ್ದರೆ ಎಸೆಯಬೇಡಿ, ಹೊಸ ಅಂಚು ಕೂರಿಸಬಹುದು. ಅಂಥ ಸೆಟ್ಟುಗಳ ಎಷ್ಟೋ ಸ್ಪೀಕರುಗಳು ಇವತ್ತಿನ ಕಂಪ್ಯೂಟರ್ ಸೆಟ್ಟುಗಳಿಗಿಂತ ಬಹಳ ಮೇಲು.

ಸ್ಪೀಕರ್ ತಂದ ಮೇಲೆ ಎಲ್ಲಿಡುತ್ತೀರಿ ಅನ್ನುವುದು ಸ್ಪೀಕರಿನಷ್ಟೇ ಮುಖ್ಯ. ಎರಡು ಸ್ಪೀಕರ್ ಮತ್ತು ಕೂತವರ ತಲೆ ಸೇರಿ ಮೂರೂ ಬದಿ ಸಮ ಇರುವ ತ್ರಿಕೋನ ಆಗಬೇಕು. ಮೂರರಿಂದ ನಾಲ್ಕು ಅಡಿ ಸಾಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ, ಇಲ್ಲದಿದ್ದರೆ ಕೆಳಗೆ ಏನಾದರೂ ಕೊಟ್ಟು ಮೇಲ್ಮುಖ ಮಾಡಿ. ಮೂಲೆಗೆ ಒತ್ತಿ ಇಡಬೇಡಿ. ಗೋಡೆಗಳು ತಗ್ಗಿನ ಸ್ವರಗಳನ್ನು ಹಿಂದಕ್ಕೆ ತಳ್ಳಿ ದಪ್ಪ ಮಾಡುತ್ತವೆ.

ಈಗ ಕೋಣೆ. ನೀವು ಅಳತೆ ಬರೆದಿಲ್ಲ, ನಮ್ಮ ಕಡೆಯ ಸಾಮಾನ್ಯ 10 ಅಡಿ, 12 ಅಡಿ ಕೋಣೆ ಅಂದುಕೊಳ್ಳುತ್ತೇನೆ. ಎತ್ತರವೂ 10 ಅಡಿ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ನಿಂತುಬಿಡುತ್ತವೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಅಂತ ಹಿಡಿದು ಲೆಕ್ಕ ಹಾಕಿದರೆ 12 ಅಡಿಗೆ ಅದು 47 ಹರ್ಟ್ಸ್, 10 ಅಡಿಗೆ 56. ನಿಮ್ಮ ಕೋಣೆಯ ಅಗಲ, ಎತ್ತರ ಎರಡೂ 10 ಅಡಿ ಇದ್ದರೆ 56 ಹರ್ಟ್ಸ್ ಎರಡು ದಿಕ್ಕಿನಿಂದಲೂ ಉಬ್ಬುತ್ತದೆ. ಡಗ್ಗಾದ ಪೆಟ್ಟು ನಿಲ್ಲದೆ ಎಳೆಯುವುದು ಇದರಿಂದಲೂ ಇರಬಹುದು. ಗೋಡೆಗೆ ಒರಗಿ ಕೂತರೆ ಈ ಉಬ್ಬು ಅತಿ ಜಾಸ್ತಿ. ಅಪ್ಪನ ಕುರ್ಚಿಯನ್ನು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ತನ್ನಿ. ಕೋಣೆಯ ನಟ್ಟನಡುವೆಯೂ ಬೇಡ, ಅಲ್ಲಿ ಅದೇ ಸ್ವರ ಮಾಯವಾಗುತ್ತದೆ. ಅರ್ಧ ಅರ್ಧ ಅಡಿ ಸರಿಸುತ್ತಾ ಕೇಳಿ. ದುಡ್ಡು ಖರ್ಚಾಗದೆ ಇಷ್ಟು ಬದಲಾವಣೆ ಕೊಡುವ ಕೆಲಸ ಇನ್ನೊಂದಿಲ್ಲ.

ಮೇಲಿನ ಸ್ವರಗಳಿಗೆ ಬೇರೆ ತೊಂದರೆ. ಟೈಲ್ಸ್ ನೆಲ, ಗಾರೆ ಗೋಡೆ, ಆರ್‌ಸಿಸಿ ಛಾವಣಿ. ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ ಅಂತ ಲೋಹದಂಥ ಬಾಲ ಕೇಳಿದರೆ ತಂಬೂರಿಯ ಜವಾರಿಗೂ ಅದೇ ಬಾಲ ಅಂಟುತ್ತಿದೆ. ಇದಕ್ಕೆ ಬೆಂಗಳೂರಿನಿಂದ ಫೋಮ್ ಹಾಳೆ ತರಿಸುವ ಅಗತ್ಯ ಇಲ್ಲ. ಆ ಒಂದು ಇಂಚಿನ ಫೋಮ್ ತೀರಾ ಮೇಲಿನ ಸ್ವರಗಳನ್ನು ಮಾತ್ರ ಹೀರಿ ಹಾಡನ್ನು ಮಂಕು ಮಾಡುತ್ತದೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಗೆ ಹೆಸರಾದ ಊರು ನಮ್ಮದು, ಹಳೇ ಹತ್ತಿ ಗಾದಿ ಇಲ್ಲದ ಮನೆ ಕಡಿಮೆ. ನಾಲ್ಕು ಇಂಚಿನ ಗಾದಿಯೊಂದನ್ನು ಕೇಳುವವರ ಹಿಂದಿನ ಗೋಡೆಗೆ ನಿಲ್ಲಿಸಿ ನೋಡಿ. ಪಕ್ಕದ ಗೋಡೆಗಳಿಗೆ ಚಳ್ಳಕೆರೆಯ ದಪ್ಪ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಗೆ ಅಂಟಿಸದೆ ಮೂರು ನಾಲ್ಕು ಇಂಚು ಬಿಟ್ಟು ತೂಗುಹಾಕಿ. ಉಣ್ಣೆ ಸದ್ದನ್ನು ಚೆನ್ನಾಗಿ ಹೀರುತ್ತದೆ, ಹಿಂದೆ ಗಾಳಿ ಇದ್ದರೆ ಇನ್ನೂ ಕೆಳಗಿನ ಸ್ವರದವರೆಗೆ ಹೀರುತ್ತದೆ. ಎಲ್ಲಿ ಹಾಕಬೇಕು? ಅಪ್ಪ ಕುರ್ಚಿಯಲ್ಲಿ ಕೂತಿರಲಿ, ನೀವು ಪಕ್ಕದ ಗೋಡೆಯ ಉದ್ದಕ್ಕೂ ಒಂದು ಕನ್ನಡಿ ಸರಿಸುತ್ತಾ ಹೋಗಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ. ನೆಲಕ್ಕೆ ಒಂದು ಜಮಖಾನ ಹಾಸಿ. ಕೋಣೆ ಪೂರ್ತಿ ಮುಚ್ಚಬೇಡಿ, ಸತ್ತಂತೆ ಕೇಳುತ್ತದೆ. ಡಗ್ಗಾದ ಎಳೆತಕ್ಕೆ ಮಾತ್ರ ಕಂಬಳಿ ನಾಟುವುದಿಲ್ಲ. 56 ಹರ್ಟ್ಸಿನ ಅಲೆ ಆರು ಮೀಟರ್ ಉದ್ದ, ಅದು ಕಂಬಳಿಗೆ ಬಗ್ಗುವುದಿಲ್ಲ.

ಅದಕ್ಕೆ ಕಂಪ್ಯೂಟರನ್ನೇ ಬಳಸಿ. ನಿಮ್ಮ ಕಂಪ್ಯೂಟರ್ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿ. ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸಲು ಈಕ್ವಲೈಸರ್ ಎಪಿಒ ಅನ್ನುವ ಉಚಿತ ತಂತ್ರಾಂಶವಿದೆ. ರೂಮ್ ಇಕ್ಯು ವಿಝರ್ಡ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶದಿಂದ, ಒಂದು ಅಳತೆಯ ಮೈಕ್ ಯಾರಿಂದಾದರೂ ತಂದು, ಕುರ್ಚಿಯ ಜಾಗದಲ್ಲಿ ಯಾವ ಸ್ವರ ಉಬ್ಬಿದೆ ಅಂತ ನೋಡಬಹುದು. ಉಬ್ಬನ್ನು ಮಾತ್ರ ಐದಾರು ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ತಗ್ಗಿಸಿ. ತಗ್ಗನ್ನು ತುಂಬಲು ಹೋಗಬೇಡಿ, ಸ್ಪೀಕರಿಗೆ ಭಾರ, ತಗ್ಗು ತುಂಬುವುದೂ ಇಲ್ಲ. 200 ಹರ್ಟ್ಸಿನ ಮೇಲೆ ಕೈ ಹಾಕಬೇಡಿ.

ಸೆಟ್ಟಿಂಗುಗಳು ಬೇಗ ಮುಗಿಯುತ್ತವೆ. ಸೌಂಡ್ ಪ್ರಾಪರ್ಟೀಸಿನಲ್ಲಿ ಎನ್‌ಹ್ಯಾನ್ಸ್‌ಮೆಂಟ್ ಅಂತ ಏನೇನಿದೆಯೋ ಎಲ್ಲ ಆಫ್ ಮಾಡಿ. ಬಾಸ್ ಬೂಸ್ಟ್, ವರ್ಚುವಲ್ ಸರೌಂಡ್, ಲೌಡ್‌ನೆಸ್, ಯಾವುದೂ ಬೇಡ. ಈಕ್ವಲೈಸರ್ ಎಪಿಒ ಹಾಕುವುದಾದರೆ ಅದನ್ನು ಇದಾದ ಮೇಲೆ ಹಾಕಿ. ಅಡ್ವಾನ್ಸ್‌ಡ್ ಪುಟದಲ್ಲಿ 24 ಬಿಟ್, 44100 ಹರ್ಟ್ಸ್ ಆರಿಸಿ. ನಿಮ್ಮ ಸಿಡಿಗಳ ಲೆಕ್ಕ ಅದೇ ಆದ್ದರಿಂದ ವಿಂಡೋಸ್ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಬದಲಿಸಬೇಕಾಗುವುದಿಲ್ಲ. 24 ಬಿಟ್ ಯಾಕೆಂದರೆ ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್. ಎಂಟು ಬಿಟ್ ಹೆಚ್ಚಿಗೆ ಇದ್ದರೆ ವಿಂಡೋಸ್ ವಾಲ್ಯೂಮನ್ನು 48 ಡೆಸಿಬೆಲ್ ಇಳಿಸಿದರೂ ಸಿಡಿಯ 16 ಬಿಟ್ ಹಾಗೇ ಉಳಿಯುತ್ತದೆ. ಕಮ್ಯುನಿಕೇಷನ್ಸ್ ಪುಟದಲ್ಲಿ ಏನೂ ಮಾಡಬೇಡ ಅನ್ನುವುದನ್ನು ಆರಿಸಿ. ಮೆಸೇಜ್ ಬಂದಾಗ ಟಿಣ್ ಅನ್ನುವ ಸದ್ದುಗಳನ್ನೂ ನಿಲ್ಲಿಸಿ. ಆಲಾಪದ ಮಧ್ಯೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ಪ್ಲೇಯರ್ ಫೂಬಾರ್2000 ಇಟ್ಟುಕೊಳ್ಳಿ. ಉಚಿತ, ಹಗುರ. ಅದರಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಆರಿಸಿದರೆ ವಿಂಡೋಸಿನ ಮಿಕ್ಸರನ್ನು ದಾಟಿ ಅಂಕಿಗಳು ನೇರ ಡ್ಯಾಕಿಗೆ ಹೋಗುತ್ತವೆ. ಆದರೆ ಈ ದಾರಿಯಲ್ಲಿ ಈಕ್ವಲೈಸರ್ ಎಪಿಒ ಕೆಲಸ ಮಾಡುವುದಿಲ್ಲ, ಎರಡರಲ್ಲಿ ಒಂದು ಆರಿಸಬೇಕು. ನಾನಾದರೆ ಈಕ್ವಲೈಸರನ್ನೇ ಆರಿಸುತ್ತೇನೆ. ಮಿಕ್ಸರ್ ಮಾಡುವ ಕೆಡುಕು ಕಿವಿಗೆ ಸಿಗದಷ್ಟು ಸಣ್ಣದು, ಕೋಣೆ ಮಾಡುವ ಕೆಡುಕು ಪಕ್ಕದ ಮನೆಗೂ ಕೇಳುತ್ತದೆ.

ಈಗ ನೆಟ್ಟಿನ ಸಲಹೆಗಳು. ಸರ್ವಿಸ್ ನಿಲ್ಲಿಸುವುದು, ರ್‍ಯಾಮ್ ಏರಿಸುವುದು, ಪ್ಲೇಯರಿಗೆ ಹೈ ಪ್ರಯಾರಿಟಿ ಕೊಡುವುದು ಸ್ವರವನ್ನು ಬದಲಿಸುವುದಿಲ್ಲ. ಈಗಿನ ಬಹುತೇಕ ಯುಎಸ್‌ಬಿ ಡ್ಯಾಕ್‌ಗಳು ತಮ್ಮ ಗಡಿಯಾರದ ಪ್ರಕಾರ ಅಂಕಿಗಳನ್ನು ಕೇಳಿ ತೆಗೆದುಕೊಳ್ಳುತ್ತವೆ. ಕಂಪ್ಯೂಟರ್ ಆಚೀಚೆ ತಡಬಡಾಯಿಸಿದರೂ ಡ್ಯಾಕಿನ ಲಯ ತಪ್ಪುವುದಿಲ್ಲ. ಅಂಕಿ ಬರುವುದೇ ತಡವಾದರೆ ಮಾತ್ರ ಪಟ್ ಅಂತ ಒಡೆದು ಕೇಳುತ್ತದೆ. ಹಾಗೇನಾದರೂ ಆದರೆ ಲೇಟೆನ್ಸಿಮಾನ್ ಅನ್ನುವ ತಂತ್ರಾಂಶ ಓಡಿಸಿ, ಯಾವ ಡ್ರೈವರ್ ತಡೆಯುತ್ತಿದೆ ಅಂತ ಹೇಳುತ್ತದೆ. ಬಹಳ ಸಲ ಅದು ವೈಫೈನದು. ಪವರ್ ಆಪ್ಷನ್ಸಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸುವುದೂ ಉಪಯೋಗ. ದುಬಾರಿ ಯುಎಸ್‌ಬಿ ಕೇಬಲ್ಲಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಎಸ್‌ಎಸ್‌ಡಿ ಬೇಕಾದರೆ ಹಾಕಿ, ಅದು ಸದ್ದು ಮಾಡುವುದಿಲ್ಲ ಅನ್ನುವ ಕಾರಣಕ್ಕೆ. ಅದಕ್ಕಿಂತ ಮೊದಲು ಸಿಪಿಯು ಬಿಚ್ಚಿ ಫ್ಯಾನಿನ ಧೂಳು ಊದಿಸಿ. ಧೂಳು ತುಂಬಿದ ಫ್ಯಾನ್ ಜೋರಾಗಿ ತಿರುಗುತ್ತದೆ, ಆ ಗೊರಗೊರ ಸದ್ದು ಹಾಡಿನ ಮೆಲ್ಲನೆಯ ಭಾಗವನ್ನೆಲ್ಲ ತಿನ್ನುತ್ತದೆ. ಡಬ್ಬಿಯನ್ನು ಮೇಜಿನ ಮೇಲಿಂದ ಕೆಳಗಿಳಿಸಿ, ಕೆಳಗೆ ಒಂದು ರಬ್ಬರ್ ತುಂಡು ಕೊಡಿ.

192 ಕಿಲೋಹರ್ಟ್ಸ್ ಬಗ್ಗೆ ಹೀಗೆ ಯೋಚಿಸಿ. 44.1 ಕಿಲೋಹರ್ಟ್ಸ್ ಅಳತೆ 22 ಕಿಲೋಹರ್ಟ್ಸ್‌ವರೆಗಿನ ಸ್ವರವನ್ನು ಪೂರ್ತಿ ಹಿಡಿಯುತ್ತದೆ. ಎಳೆಯ ಕಿವಿ ಕೇಳುವುದು 20ರವರೆಗೆ, ವಯಸ್ಸಾದ ಮೇಲೆ 12ರ ಆಸುಪಾಸು. 16 ಬಿಟ್ಟಿನಲ್ಲಿ 96 ಡೆಸಿಬೆಲ್ ಅಂತರ ಇದೆ. ಏಪ್ರಿಲ್ಲಿನಲ್ಲಿ ದಾವಣಗೆರೆಯಲ್ಲಿ ಸೀಲಿಂಗ್ ಫ್ಯಾನ್ ಹಾಕದೆ ಕೂರಲು ಆಗುತ್ತದಾ? ಫ್ಯಾನಿನದೇ 50 ಡೆಸಿಬೆಲ್ಲಿನಷ್ಟು ಸದ್ದು ಇರುತ್ತದೆ. ಹಾಡು 85ರವರೆಗೆ ಏರಿದರೂ ನಡುವೆ ಉಳಿಯುವುದು 35. ಅಲ್ಲಿ 24 ಬಿಟ್ಟಿನ ರೆಕಾರ್ಡಿಂಗಿಗೆ ಜಾಗವೇ ಇಲ್ಲ. 2007ರಲ್ಲಿ ಅಮೆರಿಕದ ಇಬ್ಬರು, ಮೇಯರ್ ಮತ್ತು ಮೊರಾನ್, ಐನೂರಕ್ಕೂ ಹೆಚ್ಚು ಸಲ ಕೇಳಿಸಿ ಪರೀಕ್ಷೆ ಮಾಡಿದರು. ಸಿಡಿಗಿಂತ ಮೇಲಿನ ಗುಣಮಟ್ಟದ (ಹೈ ರೆಸಲ್ಯೂಷನ್) ಹಾಡನ್ನು ಒಮ್ಮೆ ಹಾಗೇ, ಒಮ್ಮೆ ಸಿಡಿ ಗುಣಮಟ್ಟಕ್ಕೆ ಇಳಿಸಿ ಕೇಳಿಸಿದಾಗ ಕೇಳುಗರ ಊಹೆ ನಾಣ್ಯ ಚಿಮ್ಮಿದಷ್ಟೇ ಸರಿಯಾಗಿತ್ತು.

ನೀವೂ ಹೀಗೇ ಪರೀಕ್ಷಿಸಿ. ಯಾವುದೇ ಬದಲಾವಣೆ ಮಾಡಿದಾಗ ಮನೆಯವರೊಬ್ಬರು ಹಳೆಯದು ಹೊಸದನ್ನು ಹೇಳದೆ ಬದಲಿಸಲಿ, ನೀವು ಕಣ್ಣು ಮುಚ್ಚಿ ಹೇಳಿ. ಎರಡರ ಜೋರು ಒಂದೇ ಇರಲಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ.

ಕೊನೆಗೆ ಸಿಡಿಗಳು. ನಿಮ್ಮ ಮನೆಯಲ್ಲಿರುವ ನಿಜವಾದ ಆಸ್ತಿ ಇವೇ. ಎಂಪಿ3ಯನ್ನು ಫ್ಲ್ಯಾಕ್ (ಏನನ್ನೂ ಕಳೆಯದೆ ಕುಗ್ಗಿಸಿಡುವ ಫೈಲು) ಆಗಿ ಬದಲಿಸಿದರೆ ಸದ್ದು ಸುಧಾರಿಸುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ತೌಡು ಕುಟ್ಟಿದ ಹಾಗೆ. ಎಂಪಿ3 ಮಾಡುವಾಗ ಹೋದದ್ದು ಹೋಯಿತು. ಆದರೆ ಸಿಡಿಯಿಂದ ನೇರ ಫ್ಲ್ಯಾಕ್ ಮಾಡಿದರೆ ಒಂದು ಬಿಟ್ಟೂ ಕಳೆಯುವುದಿಲ್ಲ, ಜಾಗ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇನ್ನೂರು ಸಿಡಿ 80 ಜಿಬಿ ಒಳಗೆ ಕೂರಬಹುದು. ಎಕ್ಸಾಕ್ಟ್ ಆಡಿಯೊ ಕಾಪಿ ಬಳಸಿ. ಅದು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ, ಅದೇ ಸಿಡಿಯನ್ನು ಬೇರೆಯವರು ಓದಿದ ಲೆಕ್ಕದ ಜೊತೆ ಹೋಲಿಸಿ ಹೇಳುತ್ತದೆ. ಸಿಡಿ ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ಉಜ್ಜಬೇಡಿ. ಫ್ಲ್ಯಾಕಿನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು, ರಾಗ, ತಾಳ, ಹಾಡಿದವರು, ಎಲ್ಲವನ್ನೂ. ಇದನ್ನು ಅಪ್ಪನ ಜೊತೆ ಕೂತು ಮಾಡಿ, ಕವರಿನ ಮೇಲೆ ಇಲ್ಲದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತದೆ.

ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಅಂಗಡಿಯಲ್ಲಿ ಕೊಂಡ ಅಚ್ಚಿನ ಸಿಡಿಗಳನ್ನಲ್ಲ, ಯಾರೋ ಬರೆದುಕೊಟ್ಟ ಸಿಡಿ-ಆರ್‌ಗಳನ್ನು. ಅವುಗಳ ಬಣ್ಣದ ಪದರ ಬಿಸಿಲು, ಸೆಕೆಗೆ ಮಾಸುತ್ತದೆ. ಖಾಸಗಿ ಬೈಠಕ್ಕಿನ ರೆಕಾರ್ಡಿಂಗುಗಳು ಸಾಮಾನ್ಯವಾಗಿ ಇಂಥವುಗಳಲ್ಲೇ ಇರುತ್ತವೆ, ಮತ್ತೆಲ್ಲೂ ಸಿಗುವುದಿಲ್ಲ. ಅವನ್ನು ಈ ವಾರವೇ ತೆಗೆದು ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಡಿ. ಸ್ಪೀಕರ್ ಮುಂದಿನ ತಿಂಗಳು ತಂದರೂ ನಡೆಯುತ್ತದೆ.